ಬಾಟಲಿ ನೀರೆಲ್ಲ ಮಿನರಲ್ ವಾಟರ್ ಅಲ್ಲ

ಪ್ರಶ್ನೆ: ಮನೆ ಮದುವೆಗೆ ನೀರಿನ ಬಾಟಲಿ ತರಿಸಿದ್ದೆವು. ಎಲ್ಲರೂ ಮಿನರಲ್ ವಾಟರ್ ಅಂದರು, ಲೇಬಲ್ ಮೇಲೆ ಮಾತ್ರ ‘ಪ್ಯಾಕೇಜ್ಡ್ ಡ್ರಿಂಕಿಂಗ್ ವಾಟರ್’ ಅಂತಿತ್ತು. ಎರಡೂ ಒಂದೇನಾ?
– ಓದುಗರು, ಬಂಗಾರಪೇಟೆ

ಉತ್ತರ: ಒಂದೇ ಅಲ್ಲ. ಮಿನರಲ್ ವಾಟರ್ ಅಂದರೆ ನೆಲದೊಳಗಿನ ಸಹಜ ಸೆಲೆಯ ನೀರು. ಅದನ್ನು ಸೆಲೆಯ ಹತ್ತಿರವೇ ತುಂಬಬೇಕು, ಅದರಲ್ಲಿರುವ ಖನಿಜಗಳನ್ನು ಬದಲಾಯಿಸುವಂತಿಲ್ಲ. ಇದಕ್ಕೆ ಐಎಸ್ (ಭಾರತೀಯ ಮಾನದಂಡ) 13428. ನಿಮ್ಮ ಬಾಟಲಿಯದು ಐಎಸ್ 14543. ಅದು ಬೋರ್‌ವೆಲ್ ನೀರೂ ಆಗಬಹುದು, ನಲ್ಲಿ ನೀರೂ ಆಗಬಹುದು, ಆರ್‌ಒ ಫಿಲ್ಟರ್‌ನಲ್ಲಿ ಸೋಸಿ, ಯುವಿ ಬೆಳಕು ಇಲ್ಲವೇ ಓಝೋನ್‌ನಿಂದ ಕ್ರಿಮಿ ಕೊಂದು ತುಂಬಿರುತ್ತಾರೆ. ಹಾಗಂತ ಅದು ಕೀಳು ನೀರೇನಲ್ಲ! ಕೋಲಾರದ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಕಾಟ ಎಷ್ಟು ಅಂತ ನಿಮಗೇ ಗೊತ್ತಲ್ವಾ, ಈ ಮಾನದಂಡದಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ದಾಟುವಂತಿಲ್ಲ. ನಮ್ಮ ಕಡೆಯವರಿಗೆ ಮುಖ್ಯವಾದದ್ದು ಇದೇ.

ಐಎಸ್‌ಐ ಗುರುತು ಮೊದಲು ಕಡ್ಡಾಯವಿತ್ತು. 2024ರ ಅಕ್ಟೋಬರ್‌ನಲ್ಲಿ ದೇಶದ ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್‌ಎಸ್‌ಎಸ್‌ಎಐ ಆ ಕಡ್ಡಾಯ ತೆಗೆದುಹಾಕಿತು. ಮುಂದಿನ ತಿಂಗಳೇ ಬಾಟಲಿ ನೀರನ್ನು ಹೆಚ್ಚು ಅಪಾಯದ ಆಹಾರಗಳ ಪಟ್ಟಿಗೆ ಸೇರಿಸಿ, ಘಟಕಗಳಿಗೆ ವರ್ಷಕ್ಕೊಮ್ಮೆ ತಪಾಸಣೆ ಇಟ್ಟಿತು. ಹಾಗಾಗಿ ಈಗ ಲೇಬಲ್ ಮೇಲೆ ಎಫ್‌ಎಸ್‌ಎಸ್‌ಎಐ ಕೊಡುವ 14 ಅಂಕಿಯ ಲೈಸೆನ್ಸ್ ನಂಬರ್ ಹುಡುಕಿ, ‘ಫುಡ್ ಸೇಫ್ಟಿ ಕನೆಕ್ಟ್’ ಆ್ಯಪ್‌ನಲ್ಲಿ ಹಾಕಿ ನೋಡಿ, ಕಂಪನಿಯ ಹೆಸರು ತಾಳೆಯಾಗಬೇಕು. ಮದುವೆಗೆ 20 ಲೀಟರ್ ಕ್ಯಾನ್ ತರಿಸಿದರೂ ಅಷ್ಟೇ: ಸೀಲ್ ಒಡೆದಿದ್ದರೆ, ಲೇಬಲ್ಲೇ ಇಲ್ಲದಿದ್ದರೆ, ಮುಲಾಜಿಲ್ಲದೆ ವಾಪಸ್ ಕಳಿಸಿ.