ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ವೃತ್ತಿನೀತಿ, ಸರ್ಕಾರಿ ನಿಯಮ ಕಲಿಸುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ವೃತ್ತಿನೀತಿ ಮತ್ತು ಸರ್ಕಾರಿ ನಿಯಂತ್ರಣದ ಪಾಠ ಈ ಸಲ ನಿಮ್ಮ ಪಾಲಿಗೆ ಬಂದಿದೆ. ನಿಯಮಾವಳಿ ಓದಿ ಹೇಳಿದರೆ ತರಗತಿ ತೂಕಡಿಸುತ್ತದೆ, ಪ್ರಾಮಾಣಿಕರಾಗಿರಿ ಎಂದು ಬೋಧಿಸಿದರೆ ಹುಡುಗರು ಮುಖ ಮುಖ ನೋಡಿಕೊಳ್ಳುತ್ತಾರೆ. ಬೇರೆ ದಾರಿ ಏನಾದರೂ ಇದೆಯೇ ಎಂದು ಕೇಳಿದ್ದೀರಿ.

ಖಂಡಿತ ಇದೆ. ಈ ಪಾಠವನ್ನು ನಾನು ಹಲವು ವರ್ಷಗಳಿಂದ ಮಾಡುತ್ತಿದ್ದೇನೆ, ಇಷ್ಟಪಟ್ಟೇ ಮಾಡುತ್ತಿದ್ದೇನೆ. ಮೊದಲ ಮಾತು: ದುರಂತದ ಕಥೆಯನ್ನು ಕೊನೆಯಿಂದ ಶುರುಮಾಡಬೇಡಿ. ಎಷ್ಟು ಜನ ಸತ್ತರೆಂದು ಗೊತ್ತಾದ ಮೇಲೆ ಎಲ್ಲರೂ ನೀತಿವಂತರೇ. "ನಾನಾಗಿದ್ದರೆ ಸಹಿ ಹಾಕುತ್ತಿರಲಿಲ್ಲ" ಎನ್ನಲು ಆಗ ಯಾವ ಧೈರ್ಯವೂ ಬೇಡ. ವಿದ್ಯಾರ್ಥಿಯನ್ನು ಸಹಿ ಬೀಳುವ ಮುಂಚಿನ ಹೊತ್ತಿಗೆ ಕರೆದೊಯ್ದು ಕೂರಿಸಬೇಕು.

ಅದಕ್ಕೇ ಮೊದಲ ವಾರ ನಾನು ಊರು, ಇಸವಿ, ಹೆಸರು ಯಾವುದನ್ನೂ ಹೇಳದೆ ಒಂದು ಡ್ರಾಯಿಂಗ್ ಹಂಚುತ್ತೇನೆ. ದೊಡ್ಡ ಸಭಾಂಗಣದಲ್ಲಿ ಚಾವಣಿಯಿಂದ ಉಕ್ಕಿನ ರಾಡುಗಳು ಇಳಿದಿವೆ, ಅವುಗಳಿಗೆ ಒಂದರ ಕೆಳಗೊಂದರಂತೆ ಎರಡು ತೂಗು ಹಾದಿಗಳು. ಮೂಲ ವಿನ್ಯಾಸದಲ್ಲಿ ಒಂದೇ ಉದ್ದನೆಯ ರಾಡು ಮೇಲಿನ ಹಾದಿಯ ತೊಲೆಯನ್ನು ತೂರಿಕೊಂಡು ಕೆಳಗಿನ ಹಾದಿಯವರೆಗೆ ಹೋಗುತ್ತದೆ. ಅಷ್ಟುದ್ದಕ್ಕೂ ನಟ್ಟು ಕೂರುವ ಮರೆ (ಥ್ರೆಡ್) ಕೊರೆಯಬೇಕು, ಎತ್ತಿ ನಿಲ್ಲಿಸುವಾಗ ಮರೆ ಹಾಳಾಗುತ್ತದೆ. ಆದ್ದರಿಂದ ಎರಡು ಗಿಡ್ಡ ರಾಡು ಮಾಡೋಣ, ಚಾವಣಿಯಿಂದ ಮೇಲಿನ ತೊಲೆಗೆ ಒಂದು, ಆ ತೊಲೆಯಿಂದ ಕೆಳಗಿನ ಹಾದಿಗೆ ಇನ್ನೊಂದು ಎಂದು ಉಕ್ಕಿನ ಕೆಲಸದ ಗುತ್ತಿಗೆದಾರ ಕೇಳುತ್ತಾನೆ. ಕೆಲಸ ತಡವಾಗಿದೆ, ಪರಿಶೀಲಿಸಬೇಕಾದ ಹಾಳೆಗಳ ರಾಶಿಯೇ ಇದೆ. ಒಪ್ಪುತ್ತೀರಾ?

ಬಹುಪಾಲು ಮಂದಿ ಒಪ್ಪುತ್ತಾರೆ, ಬದಲಾವಣೆ ಅಷ್ಟು ಸಹಜವಾಗಿ ಕಾಣುತ್ತದೆ. ಆಮೇಲೆ ಮೇಲಿನ ತೊಲೆಯ ಕೆಳಗಿರುವ ನಟ್ಟಿನ ಮೇಲೆ ಬೀಳುವ ಭಾರವನ್ನು ಲೆಕ್ಕ ಹಾಕಲು ಹೇಳುತ್ತೇನೆ. ಮೊದಲಿನ ವಿನ್ಯಾಸದಲ್ಲಿ ಆ ನಟ್ಟು ಹೊರುವುದು ಮೇಲಿನ ಹಾದಿಯನ್ನು ಮಾತ್ರ. ಬದಲಾದ ವಿನ್ಯಾಸದಲ್ಲಿ ಕೆಳಗಿನ ಹಾದಿಯೂ ಅದೇ ತೊಲೆಗೆ ಜೋತುಬಿದ್ದಿದೆ, ಭಾರ ಎರಡರಷ್ಟು. ಹಗ್ಗ ಹಿಡಿದು ನೇತಾಡುವವನ ಕಾಲಿಗೆ ಇನ್ನೊಬ್ಬ ಜೋತುಬಿದ್ದ ಹಾಗೆ. ಮೊದಲ ಸೆಮಿಸ್ಟರ್‌ನ ಲೆಕ್ಕ ಇದು! ತರಗತಿ ಸದ್ದಡಗುವುದು ಆಗಲೇ.

ಊರು, ಇಸವಿ ಹೇಳುವುದು ಅದಾದ ಮೇಲೆ. 1981ರ ಜುಲೈ 17, ಅಮೆರಿಕದ ಕ್ಯಾನ್ಸಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲ್, ಆ ತೂಗು ಹಾದಿಗಳು ಕುಸಿದು 114 ಸಾವು. ತನಿಖೆ ನಡೆದಾಗ ಇನ್ನೊಂದು ಸಂಗತಿ ಹೊರಬಿತ್ತು: ಮೂಲ ವಿನ್ಯಾಸದ ಜೋಡಣೆಗೂ ಊರಿನ ಕಟ್ಟಡ ನಿಯಮಾವಳಿ (ಕೋಡ್) ಕೇಳುವ ಬಲದ ಸುಮಾರು 60% ಮಾತ್ರ ಇತ್ತು. ಆ ಜೋಡಣೆಯ ಲೆಕ್ಕ ಇನ್ನೊಬ್ಬರು ಮಾಡುತ್ತಾರೆಂದು ವಿನ್ಯಾಸದವರು ಗುತ್ತಿಗೆದಾರರ ಕಡೆ, ಗುತ್ತಿಗೆದಾರರು ವಿನ್ಯಾಸದವರ ಕಡೆ ನೋಡಿಕೊಂಡು ಕೂತಿದ್ದರು. ಆದರೆ ಹಾಳೆಯ ಮೇಲೆ ಎಂಜಿನಿಯರ್‌ರ ಪರಿಶೀಲನಾ ಮುದ್ರೆ ಇತ್ತು. ಕ್ರಿಮಿನಲ್ ಶಿಕ್ಷೆ ಯಾರಿಗೂ ಆಗಲಿಲ್ಲ. ಇಬ್ಬರು ಎಂಜಿನಿಯರ್‌ಗಳ ಲೈಸೆನ್ಸ್ ಹೋಯಿತು. ಕೆಲಸವನ್ನು ಬೇರೆಯವರಿಗೆ ಹಂಚಬಹುದು, ಮುದ್ರೆಯ ಹೊಣೆಯನ್ನು ಹಂಚಲಾಗದು ಎಂಬ ಕಾನೂನಿನ ಮಾತು ಇಷ್ಟಾದ ಮೇಲೆ ಹೇಳಿದರೆ ಯಾರೂ ತೂಕಡಿಸುವುದಿಲ್ಲ.

ನಿಯಮಗಳ ಹುಟ್ಟನ್ನು ಬೇಗ ಮುಗಿಸಿಬಿಡಿ, ಆದರೆ ಬಿಟ್ಟುಬಿಡಬೇಡಿ. 1905ರಲ್ಲಿ ಮ್ಯಾಸಚೂಸೆಟ್ಸ್‌ನ ಒಂದು ಬೂಟು ಕಾರ್ಖಾನೆಯ ಬಾಯ್ಲರ್ ಸಿಡಿದು 58 ಜನ ಸತ್ತರು. ಎರಡು ವರ್ಷದಲ್ಲಿ ಆ ರಾಜ್ಯ ಬಾಯ್ಲರ್ ಕಾನೂನು ತಂದಿತು. ಮುಂದೆ ಮೆಕ್ಯಾನಿಕಲ್ ಎಂಜಿನಿಯರ್‌ಗಳ ಸಂಘವೇ ಬಾಯ್ಲರ್ ಕೋಡ್ ಬರೆಯಿತು. 1937ರಲ್ಲಿ ಟೆಕ್ಸಾಸ್‌ನ ನ್ಯೂ ಲಂಡನ್ ಶಾಲೆಯಲ್ಲಿ ಸೋರಿದ ಅನಿಲ ಯಾರ ಮೂಗಿಗೂ ಬಡಿಯಲಿಲ್ಲ, ಅದಕ್ಕೆ ವಾಸನೆಯೇ ಇರಲಿಲ್ಲ. ಅದು ಸ್ಫೋಟಿಸಿ 300ರ ಹತ್ತಿರ ಜೀವ ಹೋಯಿತು, ಹೆಚ್ಚಿನವು ಮಕ್ಕಳವು. ಅನಿಲಕ್ಕೆ ಗಬ್ಬು ವಾಸನೆ ಬೆರೆಸಬೇಕೆಂಬ ಕಾನೂನು ಬಂದದ್ದು ಆಮೇಲೆ. ಎಂಜಿನಿಯರ್‌ಗಳು ನೋಂದಾಯಿಸಿಕೊಳ್ಳಲೇಬೇಕು ಎಂಬ ಕಾನೂನು ಆ ರಾಜ್ಯದಲ್ಲಿ ಬಂದದ್ದೂ ಅದೇ ವರ್ಷ.

ಇನ್ನು ನಾನು ಅತಿ ಹೆಚ್ಚು ಹೊತ್ತು ಕಳೆಯುವ ಪಾಠ, ಅಮೆರಿಕದ ಬಾಹ್ಯಾಕಾಶ ನೌಕೆ ಚಾಲೆಂಜರ್‌ನ ದುರಂತ. ಇಲ್ಲೂ ಹೆಸರು ಮುಚ್ಚಿಟ್ಟು ಮಾಹಿತಿ ಕೊಡುತ್ತೇನೆ. ಕೆಲವರು ಗುರುತು ಹಿಡಿಯುತ್ತಾರೆ, ಪರವಾಗಿಲ್ಲ. ಒಂದು ಗುಂಪು ಎಂಜಿನಿಯರ್‌ಗಳು, ಒಂದು ಗುಂಪು ಕಂಪನಿಯ ಮೇಲಧಿಕಾರಿಗಳು, ಒಂದು ಗುಂಪು ರಾಕೆಟ್ ಕೊಳ್ಳುವವರು. ಚಳಿಗೆ ರಾಕೆಟ್‌ನ ಜೋಡಣೆಯಲ್ಲಿರುವ ರಬ್ಬರ್ ಉಂಗುರ ಗಡುಸಾಗುತ್ತದೆ, ಅಲ್ಲಿ ಬಿಸಿ ಅನಿಲ ನುಸುಳಬಹುದು ಎಂದು ಎಂಜಿನಿಯರ್‌ಗಳಿಗೆ ಅನುಮಾನ, ಅಂಕಿಅಂಶ ಅರೆಬರೆ. ಅರ್ಧ ಗಂಟೆಯಲ್ಲಿ ತೀರ್ಮಾನ ಬೇಕು.

1986ರ ಜನವರಿ 27ರ ರಾತ್ರಿ ನಿಜವಾಗಿ ನಡೆದದ್ದು ಇಷ್ಟು. 53 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಿದ್ದರೆ ಹಾರಿಸಬೇಡಿ ಎಂದು ರಾಕೆಟ್ ತಯಾರಿಸಿದ ಮಾರ್ಟನ್ ಥಯೊಕಾಲ್ ಕಂಪನಿಯ ಎಂಜಿನಿಯರ್‌ಗಳು ಹೇಳಿದರು. ನಾಸಾದವರು ಅಸಮಾಧಾನ ತೋರಿದರು. ಕಂಪನಿಯವರು ತಮ್ಮತಮ್ಮಲ್ಲೇ ಸೇರಿ ಮಾತಾಡಿದಾಗ, ಎಂಜಿನಿಯರಿಂಗ್ ವಿಭಾಗದ ಮುಖ್ಯಸ್ಥನಿಗೆ 'ಎಂಜಿನಿಯರ್ ಟೋಪಿ ತೆಗೆದು ಆಡಳಿತಗಾರನ ಟೋಪಿ ಹಾಕಿಕೊ' ಎಂದು ಹಿರಿಯ ಅಧಿಕಾರಿ ಹೇಳಿದ. ನಾಲ್ವರು ಅಧಿಕಾರಿಗಳು ಒಪ್ಪಿಗೆ ಕೊಟ್ಟರು. ಮರುದಿನ ಹಾರಿದ 73 ಸೆಕೆಂಡಿಗೆ ನೌಕೆ ಒಡೆದು ಚೂರಾಯಿತು, ಅದರಲ್ಲಿದ್ದ ಏಳು ಜನ ಹೋದರು. ಹಿಂದಿನ ಜುಲೈನಲ್ಲೇ ರೋಜರ್ ಬೋಯ್ಸ್‌ಜೊಲಿ ಎಂಬ ಎಂಜಿನಿಯರ್ ಇದೇ ಉಂಗುರದ ಬಗ್ಗೆ, ಜೀವಹಾನಿಯಾದೀತು ಎಂದು ಮೇಲಿನವರಿಗೆ ಬರೆದಿದ್ದರು.

ಈ ಕಥೆಯನ್ನು ಧೈರ್ಯವಂತ ಎಂಜಿನಿಯರ್, ಕೆಟ್ಟ ಅಧಿಕಾರಿ ಎಂದು ಹೇಳಿ ಮುಗಿಸಬೇಡಿ. ಬೋಯ್ಸ್‌ಜೊಲಿಗೆ ಧೈರ್ಯ ಇತ್ತು, ಬರೆದ ಕಾಗದವೂ ಇತ್ತು. ಆದರೂ ರಾಕೆಟ್ ಹಾರಿತು. ಯಾಕೆ? ಆ ರಾತ್ರಿ ರುಜುವಾತಿನ ಹೊಣೆ ತಿರುಗುಮುರುಗಾಯಿತು. ಸುರಕ್ಷಿತ ಎಂದು ತೋರಿಸಬೇಕಾದ ಜಾಗದಲ್ಲಿ, ಅಪಾಯವಿದೆ ಎಂದು ಎಂಜಿನಿಯರ್‌ಗಳೇ ಸಾಬೀತು ಮಾಡಬೇಕಾಗಿ ಬಂತು. ಅರೆಬರೆ ಮಾಹಿತಿಯಲ್ಲಿ ಅದು ಆಗದ ಮಾತು. ನನ್ನ ಇಡೀ ಪಾಠ ನಿಂತಿರುವುದು ಇದರ ಮೇಲೆ. ರುಜುವಾತು ಯಾರು ಕೊಡಬೇಕು, ಬೇಡ ಎನ್ನುವ ಹಕ್ಕು ಯಾರಿಗಿದೆ ಎಂಬುದನ್ನು ನಿಯಮ ಮುಂಚೆಯೇ, ಯಾರಿಗೂ ಅವಸರವಿಲ್ಲದ ಹೊತ್ತಿನಲ್ಲಿ ತೀರ್ಮಾನಿಸಿಟ್ಟಿರುತ್ತದೆ. ಸಾಮಾನ್ಯ ಎಂಜಿನಿಯರ್ ಒಬ್ಬ ವೀರನಾಗದೆಯೇ ಪ್ರಾಮಾಣಿಕನಾಗಿ ಉಳಿಯಲಿಕ್ಕೆ ನಿಯಮ ಬೇಕು. ಹೀಗೆ ಹೇಳಿದಾಗ, ಸರ್ಕಾರಿ ನಿಯಮ ಎಂದರೆ ಅಡ್ಡಗಾಲು ಎಂದುಕೊಂಡಿದ್ದ ಹುಡುಗರ ಧಾಟಿ ಬದಲಾಗುವುದನ್ನು ನಾನು ಕಂಡಿದ್ದೇನೆ.

ಹಾಗೆಂದು ಸರ್ಕಾರದ ಮುದ್ರೆ ಬಿದ್ದರೆ ಸಾಕು ಎಂದೂ ಅನಿಸಬಾರದು. ಬೋಯಿಂಗ್ 737 ಮ್ಯಾಕ್ಸ್ ವಿಮಾನಕ್ಕೆ ಎಲ್ಲ ಪ್ರಮಾಣಪತ್ರಗಳೂ ಇದ್ದವು. ಮೂತಿಯನ್ನು ತಾನಾಗಿ ಕೆಳಗಿಳಿಸುವ ತಂತ್ರಾಂಶ ಒಂದೇ ಸಂವೇದಕವನ್ನು ನಂಬುತ್ತಿತ್ತು. ಅದು ಬಾಲದ ರೆಕ್ಕೆಯನ್ನು ಒಂದು ಸಲಕ್ಕೆ 0.6 ಡಿಗ್ರಿ ತಿರುಗಿಸುತ್ತದೆ ಎಂದು ಮೊದಲ ಸುರಕ್ಷತಾ ವಿಶ್ಲೇಷಣೆ ಹೇಳಿತ್ತು. ಕೊನೆಗೆ ಹಾರಿದ ವಿಮಾನದಲ್ಲಿ ಅದು 2.5 ಡಿಗ್ರಿ. ಪ್ರಮಾಣೀಕರಣದ ಬಹಳಷ್ಟು ಕೆಲಸವನ್ನು ನಿಯಂತ್ರಣ ಸಂಸ್ಥೆ ಕಂಪನಿಯ ನೌಕರರಿಗೇ ವಹಿಸಿತ್ತು. 2018ರ ಅಕ್ಟೋಬರ್ ಮತ್ತು 2019ರ ಮಾರ್ಚ್‌ನ ಎರಡು ಅಪಘಾತಗಳಲ್ಲಿ 346 ಜನ ಸತ್ತರು. ಇಲ್ಲಿ ಅರ್ಧ ತರಗತಿಯನ್ನು ನಿಯಂತ್ರಕರ ಕುರ್ಚಿಯಲ್ಲಿ ಕೂರಿಸಿ: ಕೈಯಲ್ಲಿ ನಾಲ್ಕೇ ಜನ, ಎದುರಿಗೆ ದಪ್ಪ ಕಡತ, ಮಾಹಿತಿಯೆಲ್ಲ ಕಂಪನಿಯದೇ. ಒಂದು ಗಂಟೆ ಕಳೆಯುವುದರೊಳಗೆ ಅವರೂ 'ಇಷ್ಟನ್ನು ನೀವೇ ನೋಡಿಕೊಳ್ಳಿ' ಎಂದು ಕಂಪನಿ ಗುಂಪಿಗೆ ಹೇಳಲು ಶುರುಮಾಡುತ್ತಾರೆ. ಯಾವುದನ್ನು ಬಿಟ್ಟುಕೊಡಬಹುದು, ಯಾವುದನ್ನು ಕೊಡಲೇಬಾರದು ಎಂಬ ಚರ್ಚೆಗೆ ಅದಕ್ಕಿಂತ ಒಳ್ಳೆಯ ಸಮಯ ಸಿಗದು.

ಫೋಕ್ಸ್‌ವ್ಯಾಗನ್ ಪ್ರಕರಣವನ್ನು ಸಾಫ್ಟ್‌ವೇರ್ ಓದುವವರಿಗಾಗಿ ಇಟ್ಟುಕೊಳ್ಳಿ. ಹೊಗೆ ಪರೀಕ್ಷೆ ನಡೆಯುತ್ತಿದೆ ಎಂದು ಕಾರಿನ ತಂತ್ರಾಂಶವೇ ಗುರುತಿಸಿ ಹೊಗೆ ಕಡಿಮೆ ಮಾಡುತ್ತಿತ್ತು. ರಸ್ತೆಯಲ್ಲಿ ನೈಟ್ರೋಜನ್ ಆಕ್ಸೈಡುಗಳು ಮಿತಿಯ 40 ಪಟ್ಟಿನವರೆಗೂ ಹೋಗುತ್ತಿದ್ದವು. 2015ರಲ್ಲಿ ಬಯಲಾಯಿತು, ಮುಂದೆ ಕಂಪನಿಯ ಎಂಜಿನಿಯರ್ ಒಬ್ಬರಿಗೆ ಜೈಲೂ ಆಯಿತು. ಆ ಕೋಡ್ ಬರೆಯುವ ಕೆಲಸ ತನ್ನ ಮೇಜಿಗೆ ಯಾವ ಮಾತಿನಲ್ಲಿ, ಯಾವ ನೆಪದಲ್ಲಿ ಬಂದಿರಬಹುದು ಎಂದು ಪ್ರತಿಯೊಬ್ಬ ವಿದ್ಯಾರ್ಥಿಯೂ ಊಹಿಸಿ ಬರೆಯಲಿ. "ಮೋಸ ಮಾಡು" ಎಂಬ ಹೆಸರಿನಲ್ಲಂತೂ ಬಂದಿರಲಾರದು.

ಅಂಕ ಹೇಗೆ ಕೊಡುವುದು ಎಂದೂ ಕೇಳಿದ್ದೀರಿ. ಅಭಿಪ್ರಾಯಕ್ಕೆ ಅಂಕ ಬೇಡ. ಕೊಟ್ಟರೆ ನಿಮಗೆ ಇಷ್ಟವಾಗುವುದನ್ನೇ ಬರೆಯುತ್ತಾರೆ. ನಾನು ಮೇಲಧಿಕಾರಿಗೆ ಒಂದು ಪುಟದ ಪತ್ರ ಬರೆಸುತ್ತೇನೆ: ನನಗೆ ಗೊತ್ತಿರುವುದು ಇದು, ಗೊತ್ತಿಲ್ಲದ್ದು ಇದು, ಯಾವ ಕೋಡಿನ ಯಾವ ಕಲಮು ಇಲ್ಲಿ ಅನ್ವಯಿಸುತ್ತದೆ, ಯಾವ ಕೆಲಸ ನಿಲ್ಲಬೇಕು, ಎಂದಿನವರೆಗೆ. ಆವೇಶದ ವಾಕ್ಯಗಳನ್ನು ಹೊಡೆದುಹಾಕಿ ವಾಪಸ್ ಕೊಡುತ್ತೇನೆ. ಎರಡನೇ ಸಲ ಬರೆದಾಗ ಪತ್ರ ಗಟ್ಟಿಯಾಗಿರುತ್ತದೆ.

ಸಾಧ್ಯವಾದರೆ ಕೆಲಸದಲ್ಲಿರುವ ಇನ್‌ಸ್ಪೆಕ್ಟರ್ ಒಬ್ಬರನ್ನು ಕರೆಸಿ, ಆದರೆ ಭಾಷಣಕ್ಕಲ್ಲ. ಅವರು ಸಹಿ ಹಾಕಲು ನಿರಾಕರಿಸಿದ ಒಂದು ಕಡತವನ್ನು, ಹೆಸರುಗಳನ್ನು ಅಳಿಸಿ, ತರಲು ಕೇಳಿಕೊಳ್ಳಿ. ನಿರಾಕರಿಸಿದ ಮಾರನೇ ದಿನ ಕಚೇರಿಯಲ್ಲಿ ಏನಾಯಿತು, ಯಾರು ಬೆನ್ನಿಗೆ ನಿಂತರು ಎಂದು ವಿದ್ಯಾರ್ಥಿಗಳು ಕೇಳಲಿ. ಯಾವ ನಿಯಮ ಹಳತಾಗಿದೆ, ಅದನ್ನು ಬದಲಿಸಲು ಯಾರಿಗೆ ಅರ್ಜಿ ಹಾಕಬೇಕು ಎಂದೂ ಕೇಳಲಿ. ನಿಯಮಗಳನ್ನು ಬರೆಯುವ ಸಮಿತಿಗಳಲ್ಲಿ ಎಂಜಿನಿಯರ್‌ಗಳೇ ಕೂತಿರುತ್ತಾರೆ ಎಂಬುದು ಎಷ್ಟೋ ವಿದ್ಯಾರ್ಥಿಗಳಿಗೆ ಗೊತ್ತಾಗುವುದು ಆ ದಿನವೇ.