ಡಬ್ಬಿಯೊಳಗಿನ ಹಂದಿ ರೂಪಾಯಿ

(ಪುತ್ತೂರಿನ ಓದುಗರೊಬ್ಬರು ಹಳೆಯ ನಾಣ್ಯಗಳ ವ್ಯಾಪಾರಿ. ಮಂಗಳೂರಿನಲ್ಲಿ ನಡೆದ ನಾಣ್ಯ ಪ್ರದರ್ಶನದಲ್ಲಿ ಟೇಬಲ್ ಹಾಕಿದ್ದರು. ಆ ಎರಡು ದಿನಗಳ ಕೊಡು-ಕೊಳ್ಳುವಿಕೆಯನ್ನು ವಿವರವಾಗಿ ಬರೆದು, "ಬಂದವರೆಲ್ಲ ನಮ್ಮನ್ನು ಮೋಸಗಾರರ ಹಾಗೆ ನೋಡುತ್ತಾರೆ. ಕೊಂಡ ಬೆಲೆಗೇ ಮಾರಿದರೆ ಯಾವ ಅಂಗಡಿ ನಡೆಯುತ್ತದೆ? ಗೊತ್ತಿರುವವನಿಗೆ ಲಾಭ ಸಿಕ್ಕಿದರೆ ತಪ್ಪೇನು?" ಎಂದು ಕೇಳಿದ್ದಾರೆ. ಹೆಸರು ಬೇಡ ಎಂದಿದ್ದಾರೆ, ಹಾಕಿಲ್ಲ.)

ನಮಸ್ಕಾರ.

ಪತ್ರ ಉದ್ದವಾಗಿತ್ತು, ಆದರೆ ಕೆಳಗಿಡಲು ಮನಸ್ಸಾಗಲಿಲ್ಲ. ಬಾಗಿಲು ತೆರೆಯುವ ಮೊದಲೇ ಅರ್ಧ ವ್ಯಾಪಾರ ಮುಗಿದಿರುತ್ತದೆ ಎಂದು ನೀವು ಬರೆದದ್ದು ಹೊರಗಿನವರಿಗೆ ಹೊಸ ಸುದ್ದಿ. ಟೇಬಲಿಗೆ ಬಟ್ಟೆ ಹಾಸುವಾಗಲೇ ಹುಬ್ಬಳ್ಳಿಯ ವ್ಯಾಪಾರಿಗಳು ಬೆಂಗಳೂರಿನವರ ಪೆಟ್ಟಿಗೆ ಬಿಚ್ಚಿಸುತ್ತಾರೆ, ಕೇರಳದವರು ನಿಮ್ಮ ಆಲ್ಬಮ್ ತಿರುವುತ್ತಾರೆ. ಹತ್ತು ಗಂಟೆಗೆ ಜನ ಬರುವಷ್ಟರಲ್ಲಿ ಒಳ್ಳೆಯ ಮಾಲು ಒಂದು ಸುತ್ತು ಕೈ ಬದಲಾಗಿರುತ್ತದೆ. ಟಿಕೆಟ್ ಇಲ್ಲದ ಪ್ರದರ್ಶನ ಅಂತ ಮಕ್ಕಳನ್ನು ಕರೆದುಕೊಂಡು ಬಂದವರಿಗೆ ಇದೆಲ್ಲ ಎಲ್ಲಿ ಕಾಣುತ್ತದೆ?

ಬೆಲೆಯ ಅಂತರದ ಬಗ್ಗೆ ನಿಮ್ಮ ಮಾತನ್ನು ಒಪ್ಪುತ್ತೇನೆ. ಟೇಬಲ್ ಬಾಡಿಗೆ, ರೂಮು, ಊಟ ಇವು ಕಾಣುವ ಖರ್ಚು. ಕಾಣದ ಖರ್ಚು ಇನ್ನೊಂದು ಉಂಟು, ಮಾರಾಟವಾಗದೆ ವರ್ಷಗಟ್ಟಲೆ ಕೂತ ಮಾಲು. ನಮ್ಮ ಕರಾವಳಿಯಲ್ಲಿ ಅದು ಸುಮ್ನೆ ಕೂರುವುದೂ ಇಲ್ಲ. ಮೆತ್ತನೆಯ ಪಿವಿಸಿ ಕವರಿನಲ್ಲಿಟ್ಟ ತಾಮ್ರದ ನಾಣ್ಯಕ್ಕೆ ಮಳೆಗಾಲದ ತೇವದಲ್ಲಿ ಹಸಿರು ಅಂಟು ಹಿಡಿಯುತ್ತದೆ. ನೋಟಿಗೆ ಕಂದು ಚುಕ್ಕೆ ಬೀಳುತ್ತದೆ. ಹಾಗೆ ಹಾಳಾದದ್ದರ ನಷ್ಟವನ್ನೂ ಹಾಳಾಗದ್ದರ ಬೆಲೆಯಿಂದಲೇ ತೆಗೆಯಬೇಕು, ಬೇರೆ ದಾರಿ ಇಲ್ಲ.

ಆದರೆ ಇದನ್ನು ಗ್ರಾಹಕರಿಗೆ ಯಾರು ಹೇಳಬೇಕು? ನೀವೇ. ಬೆಳ್ಳಿ ರೂಪಾಯಿಯನ್ನೇ ತಗೊಳ್ಳಿ, ಅದರ ಲೆಕ್ಕದಲ್ಲಿ ಗುಟ್ಟೇನೂ ಇಲ್ಲ. 1939ರವರೆಗಿನ ಬ್ರಿಟಿಷ್ ರೂಪಾಯಿಯ ತೂಕ 11.66 ಗ್ರಾಂ, ಬೆಳ್ಳಿ ಶೇ. 91.7. ಅಂದರೆ ಹೆಚ್ಚುಕಡಿಮೆ 10.7 ಗ್ರಾಂ ಬೆಳ್ಳಿ. 1940ರಿಂದ 1945ರವರೆಗಿನದ್ದರಲ್ಲಿ ಬೆಳ್ಳಿ ಅರ್ಧಕ್ಕೆ ಇಳಿಯಿತು. 1947ರ ಹುಲಿ ಚಿತ್ರದ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಅದು ನಿಕ್ಕೆಲ್. ಇಷ್ಟನ್ನು ಒಂದು ಹಾಳೆಯಲ್ಲಿ ಬರೆಯಿರಿ. ಕೆಳಗೆ ಆ ದಿನದ ಬೆಳ್ಳಿ ದರ, ನೀವು ಕೊಡುವ ದರ ಎರಡನ್ನೂ ಬರೆದು ಟೇಬಲಿನ ಮುಂದೆ ಅಂಟಿಸಿ. ನಿಮ್ಮ ಜೊತೆ ಜಗಳ ಮಾಡಿದ ಆ ಕಾಲೇಜು ಹುಡುಗನ ಸಿಟ್ಟು ಬಂದದ್ದು ಕಡಿಮೆ ಬೆಲೆಗಲ್ಲ. 1942ರ ರೂಪಾಯಿಗೂ 1919ರದಕ್ಕೂ ಬೇರೆ ಬೇರೆ ಬೆಲೆ ಯಾಕೆ ಎಂದು ಕೇಳಿದಾಗ ನೀವು "ಅದು ಹಾಗೇ" ಅಂದಿರಂತೆ. ಅಲ್ಲೇ ಕೆಟ್ಟದ್ದು.

ಇನ್ನು ಸ್ಟೀಲ್ ಡಬ್ಬಿಯ ವಿಷಯ. ಇದರಲ್ಲಿ ನಾನು ನಿಮ್ಮ ಜೊತೆ ಇಲ್ಲ.

ನೀವೇ ಬರೆದದ್ದು. ಮೂಡುಬಿದಿರೆ ಕಡೆಯ ಒಬ್ಬರು ಅಮ್ಮ ಮಗಳ ಜೊತೆ ಡಬ್ಬಿ ತಂದರು. "ಇದಕ್ಕೆಲ್ಲ ಒಟ್ಟು ಎಷ್ಟು ಬರ್ತದೆ ನೋಡಿ" ಎಂದರು. ನೀವು ತೂಕ ಹಾಕಿ, ಬೆಳ್ಳಿ ದರಕ್ಕೆ ಇಡೀ ಲಾಟ್ ತೆಗೆದುಕೊಂಡಿರಿ. ಅದರಲ್ಲಿ 1911ರ ರೂಪಾಯಿ ಒಂದಿತ್ತು, ಸವೆದಿರಲಿಲ್ಲ. ಊಟಕ್ಕೆ ಮೊದಲೇ ಅದು ಪಕ್ಕದ ಟೇಬಲಿಗೆ ಹಲವು ಪಟ್ಟು ಬೆಲೆಗೆ ಹೋಯಿತು.

1911ರದ್ದು ಯಾಕೆ ಬೇರೆ ಅಂತ ಉಳಿದ ಓದುಗರಿಗೆ ಹೇಳಿಬಿಡುತ್ತೇನೆ. ಐದನೇ ಜಾರ್ಜ್ ಪಟ್ಟಕ್ಕೆ ಬಂದ ಮೇಲೆ ಹೊಡೆದ ಮೊದಲ ರೂಪಾಯಿ ಅದು. ರಾಜನ ನಿಲುವಂಗಿಯ ಮೇಲೆ ಸಣ್ಣ ಆನೆಯೊಂದಿತ್ತು. ಅಚ್ಚಿನಲ್ಲಿ ಸೊಂಡಿಲು ಮೋಟಾಗಿ, ಅದು ಹಂದಿಯ ಹಾಗೆ ಕಂಡಿತು. ಜನ ಗಲಾಟೆ ಎಬ್ಬಿಸಿದರು. ಸರಕಾರ ಆ ರೂಪಾಯಿಯನ್ನು ಹಿಂದಕ್ಕೆ ತೆಗೆದುಕೊಂಡು, ಆನೆಯನ್ನು ತಿದ್ದಿ 1912ರಲ್ಲಿ ಹೊಸ ಅಚ್ಚು ತಂದಿತು. ಹಾಗಾಗಿ ಹೊರಗೆ ಉಳಿದದ್ದು ಸ್ವಲ್ಪ. ವ್ಯಾಪಾರಿಗಳೆಲ್ಲ ಇದನ್ನು ಹಂದಿ ರೂಪಾಯಿ ಅಂತಲೇ ಕರೆಯುತ್ತಾರೆ. ಡಬ್ಬಿ ಸುರಿದ ಕೂಡಲೇ ನಿಮ್ಮ ಕಣ್ಣು ಮೊದಲು ಹುಡುಕುವ ಇಸವಿಯೇ ಅದು, ಅಲ್ವಾ?

ಇದೇ ನಾಣ್ಯ ಬೆಂಗಳೂರಿನ ವ್ಯಾಪಾರಿಯ ತಟ್ಟೆಯಲ್ಲಿ ಬೆಳ್ಳಿ ದರಕ್ಕೆ ಸಿಕ್ಕಿದ್ದರೆ ನಾನು ಭೇಷ್ ಅನ್ನುತ್ತಿದ್ದೆ. ಬೆಲೆ ಹಾಕಿದ್ದು ಅವರು. ನೋಡಿ ಹಾಕುವುದು ಅವರ ಕೆಲಸ, ಅವರಿಗೂ ಲೆನ್ಸ್ ಉಂಟು. ಆ ಅಮ್ಮ ಬೆಲೆ ಹೇಳಲಿಲ್ಲ. ನಿಮ್ಮನ್ನು ಕೇಳಿದರು. ಕೇಳಿದ ಮೇಲೆ ನೀವು ಬರೀ ಕೊಳ್ಳುವವರಲ್ಲ, ಬೆಲೆ ಕಟ್ಟುವವರೂ ಹೌದು. ಒಂದೇ ಬಾಯಲ್ಲಿ ಎರಡು ಕೆಲಸ ಮಾಡುವಾಗ ಒಂದನ್ನು ಮುಚ್ಚಿಟ್ಟರೆ ಅದು ವ್ಯಾಪಾರದ ಜಾಣತನ ಅಂತ ನನಗೆ ಅನಿಸುವುದಿಲ್ಲ. "ನಾನು ಸುಳ್ಳು ಹೇಳಲಿಲ್ಲ" ಎಂದು ಬರೆದಿದ್ದೀರಿ. ನಿಜ, ಹೇಳಲಿಲ್ಲ. ಆದರೆ ಅವರು ಕೇಳಿದ ಪ್ರಶ್ನೆಗೆ ಉತ್ತರವನ್ನೂ ಹೇಳಲಿಲ್ಲ.

ಏನು ಮಾಡಬಹುದಿತ್ತು? ಆ ಒಂದನ್ನು ಬದಿಗೆ ಸರಿಸಿ, "ಅಮ್ಮಾ, ಇದು ತೂಕದಲ್ಲಿ ಕೊಡುವಂಥದ್ದಲ್ಲ, ಇದಕ್ಕೆ ಬೇರೆ ರೇಟು" ಎಂದಿದ್ದರೆ ಸಾಕಿತ್ತು. ಪಕ್ಕದ ಟೇಬಲಿನವರು ಕೊಟ್ಟ ಬೆಲೆಯ ಅರ್ಧ ಕೊಟ್ಟಿದ್ದರೂ ಉಳಿದರ್ಧ ನಿಮ್ಮದೇ. ನಿಮ್ಮ ಕಣ್ಣಿನ ಕೂಲಿಗೆ ಅದೇನು ಕಡಿಮೆಯಲ್ಲ. ಅಂಥ ಮನೆಗಳಲ್ಲಿ ಡಬ್ಬಿ ಒಂದೇ ಇರುವುದೂ ಅಪರೂಪ. ಅಣ್ಣನ ಮನೆಯಲ್ಲಿ ಒಂದು, ಚಿಕ್ಕಮ್ಮನ ಪೆಟ್ಟಿಗೆಯಲ್ಲಿ ಇನ್ನೊಂದು ಇರುತ್ತದೆ. ಅವು ಯಾರ ಟೇಬಲಿಗೆ ಬರಬೇಕು?

ಹಾಗಂತ ಬರುವವರೆಲ್ಲ ಮುಗ್ಧರು ಅನ್ನುತ್ತಿಲ್ಲ. ವೈಷ್ಣೋದೇವಿ ಚಿತ್ರದ ಐದು ರೂಪಾಯಿಗೆ ಲಕ್ಷ ಕೇಳಿದವರ ಕತೆ ಓದಿ ನಗು ಬಂತು. 786 ನಂಬರಿನ ನೋಟಿನದೂ ಅದೇ ಕತೆ. ಮೊಬೈಲಿನಲ್ಲಿ ನೋಡಿದ್ದನ್ನು ನಂಬಿ ಬರುತ್ತಾರೆ. ಹಳೆಯ ನೋಟು-ನಾಣ್ಯ ಕೊಳ್ಳುತ್ತೇವೆಂದು ತನ್ನ ಹೆಸರು, ಲಾಂಛನ ಬಳಸಿ ಕಮಿಷನ್, ತೆರಿಗೆ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲೇ ಎಚ್ಚರಿಕೆ ಕೊಟ್ಟಿದೆ. ಅದರ ಒಂದು ಪ್ರತಿ ನಿಮ್ಮ ಟೇಬಲಿನಲ್ಲಿ ಇಟ್ಟುಕೊಳ್ಳಿ. ರಾಮ-ಸೀತೆಯರ ಚಿತ್ರ, 1818ರ ಇಸವಿ, ಈಸ್ಟ್ ಇಂಡಿಯಾ ಕಂಪನಿಯ ಹೆಸರು ಇರುವ 'ನಾಣ್ಯ' ತಂದವರಿಗೆ ಮಾತ್ರ ಮೆಲ್ಲಗೆ ಹೇಳಿ. ಕಂಪನಿ ಅಂಥದ್ದನ್ನು ಹೊಡೆಸಿಯೇ ಇರಲಿಲ್ಲ. ಆದರೆ ಕೆಲವರ ಮನೆಯಲ್ಲಿ ಅದು ದೇವರ ಕೋಣೆಯಲ್ಲಿರುತ್ತದೆ. ಪ್ರದರ್ಶನದ ಹಿಂದಿನ ರಾತ್ರಿ ಹುಣಸೆಹುಳಿ ಹಾಕಿ ತಿಕ್ಕಿ ತಂದವರಿಗೂ ಬೈಯಬೇಡಿ. ತೊಳೆದ ನಾಣ್ಯಕ್ಕೆ ಬೆಲೆ ಬೀಳುತ್ತದೆ ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ.

ಪತ್ರದಲ್ಲಿ ನನಗೆ ತುಂಬ ಇಷ್ಟವಾದದ್ದು ಗಲ್ಫ್ ನೋಟಿನ ಭಾಗ. ಮೊಘಲರ ಬೆಳ್ಳಿ ರೂಪಾಯಿಗಳು ಹೋದ ಹಾಗೇ ವಾಪಸ್ ಬಂದವು, ಗಲ್ಫ್ ನೋಟು ಮಾತ್ರ ಮೊದಲ ದಿನವೇ ಖಾಲಿ. ಇದರಲ್ಲಿ ಆಶ್ಚರ್ಯ ಏನಿದೆ? ಒಂದು ಕಾಲದಲ್ಲಿ ಕೊಲ್ಲಿ ನಾಡುಗಳಲ್ಲಿ ನಡೆಯುತ್ತಿದ್ದದ್ದು ನಮ್ಮ ರೂಪಾಯಿಯೇ. ಆ ರೂಪಾಯಿ ಚಿನ್ನದ ಕಳ್ಳಸಾಗಣೆಗೆ ದಾರಿಯಾಯಿತು ಅಂತ 1959ರಲ್ಲಿ ರಿಸರ್ವ್ ಬ್ಯಾಂಕ್ ಅಲ್ಲಿಗಷ್ಟೇ ಬೇರೆ ನೋಟು ಮಾಡಿತು. ನಂಬರಿನ ಮೊದಲು ಝಡ್ ಅಕ್ಷರ, ಹತ್ತರ ನೋಟು ಕೆಂಪು. ಕುವೈತ್ 1961ರಲ್ಲಿ, ಬಹ್ರೈನ್ 1965ರಲ್ಲಿ ತಮ್ಮದೇ ದಿನಾರ್ ತಂದವು. 1966ರಲ್ಲಿ ರೂಪಾಯಿಯ ಅಪಮೌಲ್ಯವಾದ ಮೇಲೆ ಉಳಿದವರೂ ಒಬ್ಬೊಬ್ಬರಾಗಿ ಬಿಟ್ಟರು. ಮಂಗಳೂರು, ಉಡುಪಿಯಲ್ಲಿ ಗಲ್ಫ್ ನೆಂಟಸ್ತಿಕೆ ಇಲ್ಲದ ಬೀದಿ ಎಲ್ಲಿದೆ? ತಾವು ದುಡಿದ ಊರಿನಲ್ಲಿ ಹಿಂದೆ ನಮ್ಮದೇ ದುಡ್ಡು ನಡೆಯುತ್ತಿತ್ತು ಅಂತ ಗೊತ್ತಾದರೆ ಯಾರಾದರೂ ನಿಂತು ನೋಡುತ್ತಾರೆ. ಕೊಳ್ಳುವವರು ನಾಣ್ಯಶಾಸ್ತ್ರ ಓದಿ ಬಂದವರಲ್ಲ, ತಮ್ಮ ಊರು-ಮನೆಯ ನೆನಪು ಹುಡುಕಿ ಬಂದವರು. ಗೋವಾ ಮೂಲದ ಕುಟುಂಬಗಳು 1881-82ರ ಪೋರ್ಚುಗೀಸ್ ರುಪಿಯಾ ಕೇಳಿದ್ದೂ, ಶಾಲೆ ಮೇಷ್ಟ್ರೊಬ್ಬರು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕನ್ನಡ ಅಕ್ಷರದ ತಾಮ್ರದ ನಾಣ್ಯ ಮಯಿಲಿ ಕಾಸನ್ನು ಮೂರು ಸಲ ಬಂದು ನೋಡಿದ್ದೂ ಇದಕ್ಕೇ.

ಬಾರಕೂರಿನ ಹೆಸರು ಹೇಳಿ ಜೋಡಿ ಮೀನಿನ, ಹಿಂದೆ ತುಳುನಾಡನ್ನು ಆಳಿದ ಆಳುಪರ ಚಿನ್ನದ ನಾಣ್ಯ ತೋರಿಸಿದವರನ್ನು ವಾಪಸ್ ಕಳಿಸಿದ್ದು ಸರಿಯಾಯಿತು. ನಕಲಿ ಇರಬಹುದೆಂದು ಕಳಿಸಿದಿರಿ. ಅಸಲಿಯಾಗಿದ್ದರೂ ಕಳಿಸಬೇಕಿತ್ತು. "ಗದ್ದೆಯಲ್ಲಿ ಸಿಕ್ಕಿತು" ಎಂದರಲ್ಲ, ನೆಲದಲ್ಲಿ ಸಿಕ್ಕಿದ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು, ಟೇಬಲಿಗೆ ತರುವುದಲ್ಲ. ದುಬೈಗೆ ಒಯ್ಯುತ್ತೇನೆಂದು ಇಕ್ಕೇರಿ ವರಾಹ (ಕೆಳದಿ ನಾಯಕರ ಚಿನ್ನದ ನಾಣ್ಯ) ಕೇಳಿದ ಗ್ರಾಹಕರಿಗೂ ಕಾನೂನು ಹೇಳಿಯೇ ಮಾರಿ. 1972ರ ಪ್ರಾಚ್ಯವಸ್ತು ಕಾಯ್ದೆಯಲ್ಲಿ ನೂರು ವರ್ಷ ದಾಟಿದ ನಾಣ್ಯವೂ ಸೇರುತ್ತದೆ. ಖಾಸಗಿಯವರು ಅದನ್ನು ದೇಶದ ಹೊರಗೆ ಒಯ್ಯುವಂತಿಲ್ಲ. ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದರೆ ನಿಮ್ಮ ಬಿಲ್ಲನ್ನೇ ತೋರಿಸುತ್ತಾರೆ. 2016ರಲ್ಲಿ ರದ್ದಾದ 500, 1000ದ ನೋಟಿನ ಕಟ್ಟು ಇಟ್ಟುಕೊಳ್ಳಬಹುದಾ ಎಂದು ಕೇಳಿದ್ದೀರಿ. ಸಂಗ್ರಹಕ್ಕೆ ಅಂತ ಇಟ್ಟುಕೊಳ್ಳಲು 25 ನೋಟಿಗಷ್ಟೇ ಅವಕಾಶ. ಕಟ್ಟಿನ ಆಸೆ ಬಿಡಿ.

ಕೊನೆಯದಾಗಿ, ಉಡುಪಿಯಲ್ಲಿ ಪ್ರದರ್ಶನ ಆದರೆ ಟೇಬಲ್ ಹಾಕಬೇಕಾ ಎಂದು ಕೇಳಿದ್ದೀರಿ. ಹಾಕಿ. ಒಂದೇ ಸಾಕು, ಎರಡರ ಬಾಡಿಗೆ ದಂಡ. ಮೊಘಲರನ್ನು ಮನೆಯಲ್ಲಿ ಬಿಡಿ. ಟಿಪ್ಪುವಿನ ಆನೆ ಕಾಸು, ಮೈಸೂರಿನ ತಾಮ್ರ, ಸಿಕ್ಕಿದರೆ ಇನ್ನಷ್ಟು ಗಲ್ಫ್ ನೋಟು ಹಿಡಿದುಕೊಂಡು ಹೋಗಿ. ಮಕ್ಕಳಿಗೆ ಕಡಿಮೆ ಬೆಲೆಯ ಒಂದು ತಟ್ಟೆ ಇರಲಿ, ಎರಡು ಪೈಸೆ, ಮೂರು ಪೈಸೆ, ಹತ್ತು ಪೈಸೆ, ಹೀಗೆ. ತಕ್ಕಡಿಯ ಮುಖ ಮಾತ್ರ ಗ್ರಾಹಕರ ಕಡೆ ತಿರುಗಿರಲಿ. ಮೂಡುಬಿದಿರೆಯ ಆ ಅಮ್ಮನ ಫೋನ್ ನಂಬರ್ ನಿಮ್ಮ ಖರೀದಿ ಪುಸ್ತಕದಲ್ಲಿದೆ ಎಂದು ನೀವೇ ಬರೆದಿದ್ದೀರಿ. ಅವರಿಗೊಂದು ಫೋನ್ ಮಾಡಿ, ಹಂದಿ ರೂಪಾಯಿ ಎಷ್ಟಕ್ಕೆ ಹೋಯಿತು ಅಂತ ಹೇಳಿ. ಎಷ್ಟು ಕಳಿಸಬೇಕು ಅನ್ನುವುದನ್ನು ನೀವೇ ತೀರ್ಮಾನಿಸಿ.

– ಸಂ.