ಅಜ್ಜಿಯ ಹಚ್ಚೆ ಯಾಕೆ ಹೋಗಲ್ಲ?

ಚರ್ಮ ತಿಂಗಳಿಗೊಮ್ಮೆ ಹೊಸದಾಗುತ್ತೆ ಅಂತಾರೆ, ಹಾಗಿದ್ದರೆ ಮುಳಬಾಗಿಲಿನ ನಮ್ಮಜ್ಜಿ ಕೈಮೇಲಿನ ಹಚ್ಚೆ 60 ವರ್ಷವಾದರೂ ಯಾಕೆ ಉಳಿದಿದೆ ಅಂತ ಕೇಳಿದ್ದೀರಿ.

ಹಾಗೆ ಹೊಸದಾಗುವುದು ಮೇಲಿನ ಪದರ ಮಾತ್ರ. ಹಚ್ಚೆಯ ಸೂಜಿ ಅದನ್ನು ದಾಟಿ ನಡುವಿನ ಪದರಕ್ಕೆ ಇಳಿದಿರುತ್ತದೆ. ಅದೇ ಡರ್ಮಿಸ್. ಮೇಲಿನ ಪದರದಲ್ಲಿ ರಕ್ತನಾಳವೇ ಇಲ್ಲ, ಇದರಲ್ಲಿ ತುಂಬಿವೆ. ಹಚ್ಚೆ ಹಾಕುವಾಗ ರಕ್ತ ಜಿನುಗುವುದು ಅದಕ್ಕೇ.

ಮಸಿ ಒಳಗೆ ಬಿದ್ದ ಕೂಡಲೇ ಮ್ಯಾಕ್ರೋಫೇಜ್ ಎಂಬ ಕಾವಲು ಕೋಶಗಳು ಬಂದು ಅದನ್ನು ನುಂಗುತ್ತವೆ. ಆದರೆ ಅರಗಿಸಿಕೊಳ್ಳಲು ಆಗಲ್ಲ. ಸುಮ್ನೆ ಹೊಟ್ಟೆಯಲ್ಲಿಟ್ಟುಕೊಂಡು ಕೂರುತ್ತವೆ. ಒಂದು ಸತ್ತರೆ ಅದು ಬಿಟ್ಟ ಮಸಿಯನ್ನು ಪಕ್ಕದ್ದು ನುಂಗುತ್ತದೆ. ಅಪ್ಪನ ಸಾಲ ಮಗನ ತಲೆಗೆ ಬಂದ ಹಾಗೆ! ನಡುವೆ ಒಂದಿಷ್ಟು ಕಣ ಜಾರಿಹೋಗುತ್ತವೆ. ಅದರಿಂದಲೇ ಹಳೇ ಹಚ್ಚೆಯ ಗೆರೆ ಮಸುಕಾಗಿ ಹರಡಿಕೊಳ್ಳುವುದು. ಕಪ್ಪು ಮಸಿ ಹಸಿರು-ನೀಲಿಯಾಗಿ ಕಾಣುವುದು ಚರ್ಮದ ಮೂಲಕ ನೋಡುವುದರಿಂದ.

ಈ ಪದರದ ಮುಖ್ಯ ಸರಕು ಕೊಲಾಜನ್ ನಾರು. ಗಟ್ಟಿತನ ಅದರಿಂದ, ಎಳೆದರೆ ವಾಪಸ್ ಬರುವ ಗುಣ ಎಲಾಸ್ಟಿನ್‌ನಿಂದ. ವಯಸ್ಸಾದಂತೆ ಎರಡೂ ಸೋಲುತ್ತವೆ, ಅದಕ್ಕೇ ಅಜ್ಜಿಯ ಕೈ ಸುಕ್ಕುಗಟ್ಟಿರುವುದು. ಅಂದಹಾಗೆ, ಚಪ್ಪಲಿಯ ತೊಗಲೂ ಹದ ಮಾಡಿದ ಇದೇ ಪದರ.

ತೆಗೆಸುವ ಯೋಚನೆ ಇದ್ದರೆ ಲೇಸರ್ ಇದೆ. ಮಸಿಯ ಕಣಗಳನ್ನು ಪುಡಿ ಮಾಡುತ್ತದೆ, ಆದರೆ ಹಲವು ಸಲ ಹೋಗಬೇಕು, ಖರ್ಚೂ ಜಾಸ್ತಿ. ನಾನಾದರೆ ಹಾಗೇ ಬಿಡುತ್ತಿದ್ದೆ. ನಮ್ಮ ಚಿಂತಾಮಣಿ ಕಡೆಯೂ ಅಂಥ ಕೈಗಳು ಈಗ ಅಪರೂಪ.